ಅಜ್ಜನನ್ನು ಎಬ್ಬಿಸಿ ಕೂಡ್ರಿಸುವವರು

ಶಿಗ್ಗಾಂವಿ, ಸವಣೂರು ಕಡೆಯ ಹಿರಿಯರಿಗೆ ಜೋರು ಜಡ್ಡು ಬಂದರೆ ಹುಬ್ಬಳ್ಳಿ. ಹಾನಗಲ್ಲಿನವರಿಗೆ ಹಾವೇರಿ ಅಥವಾ ಹುಬ್ಬಳ್ಳಿ, ಕಾಡಂಚಿನ ಊರುಗಳವರಿಗೆ ಶಿರಸಿಯೂ ಹತ್ತಿರ. ಹಿರೇಕೆರೂರಿನವರು ರಾಣೆಬೆನ್ನೂರು ದಾಟಿ ದಾವಣಗೆರೆಗೆ ಹೋಗುತ್ತಾರೆ, ಇಲ್ಲವಾದರೆ ಶಿವಮೊಗ್ಗಕ್ಕೆ. 1997ರ ಆಗಸ್ಟ್‌ನಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಆಸ್ಪತ್ರೆ ಬೆಳೆಯಿತು, ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೂ ಲಕ್ವಾ ಹೊಡೆಯಿತು, ಎದೆ ಹಿಡಿಯಿತು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು ಅಂದಾಗ ಮನೆಯವರ ಬಾಯಲ್ಲಿ ಮೊದಲು ಬರುವುದು ದೊಡ್ಡ ಊರಿನ ಹೆಸರೇ. ಹಳೆಯ ತಲೆಮಾರಿನವರು ಇಂದಿಗೂ ‘ಕೆಎಂಸಿಗೆ ಒಯ್ಯೂಣು’ ಅನ್ನುತ್ತಾರೆ. ಹುಬ್ಬಳ್ಳಿಯ ಆ ಆಸ್ಪತ್ರೆ ನಡುವೆ ಎಷ್ಟೋ ವರ್ಷ ಕಿಮ್ಸ್ ಆಗಿತ್ತು.

ಹೋಗುವ ದಾರಿ ಈಗ ಮೊದಲಿನಷ್ಟು ಕಷ್ಟದ್ದಲ್ಲ. 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ಶುರುವಾಯಿತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ವಾರ್ಡಿನಲ್ಲಿ ಮಲಗಿದವರಿಗೆ ಬುತ್ತಿ ಒಯ್ಯುವ ಮಗಳು ಟಿಕೆಟ್ಟಿನ ಲೆಕ್ಕ ಹಾಕಬೇಕಾಗಿಲ್ಲ. ನನ್ನ ಕಳವಳ ಮರಳಿ ಬರುವ ದಾರಿಯದು. ಆಪರೇಷನ್ ಚಲೋ ಆಗಿದೆ, ಜ್ವರ ಇಳಿದಿದೆ, ಡಾಕ್ಟರು ‘ಕರಕೊಂಡು ಹೋಗ್ರಿ’ ಅಂದಿದ್ದಾರೆ. ಬಾಡಿಗೆ ಕಾರಿನಲ್ಲಿ ಅಜ್ಜ ಮನೆಗೆ ಬರುತ್ತಾನೆ. ನಡೆದುಕೊಂಡು ದವಾಖಾನೆಗೆ ಹೋದವನು ನಾಲ್ಕು ಜನರ ಹೆಗಲ ಮೇಲೆ ಇಳಿಯುತ್ತಾನೆ, ಪಡಸಾಲೆಯ ಮಂಚ ಸೇರುತ್ತಾನೆ. ಅಲ್ಲಿಂದ ಏಳುತ್ತಾನೋ ಇಲ್ಲವೋ ಅನ್ನುವುದು ಮುಂದಿನ ಕೆಲವು ವಾರಗಳಲ್ಲಿ ತೀರ್ಮಾನವಾಗುತ್ತದೆ. ಆ ವಾರಗಳಲ್ಲಿ ಅವನ ಜವಾಬ್ದಾರಿ ಯಾರದು ಅನ್ನುವುದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಬಿತ್ತನೆಗೆ ಸಾಲ ಮಾಡಿ, ಕಳೆ ತೆಗೆಯುವ ಹೊತ್ತಿಗೆ ಹೊಲದ ಕಡೆ ತಲೆ ಹಾಕದ ರೈತ ನಮ್ಮಲ್ಲಿ ಸಿಗುವುದಿಲ್ಲ. ಹಿರಿಯರ ಚಿಕಿತ್ಸೆಯಲ್ಲಿ ಮಾತ್ರ ನಾವು ಹಾಗೆ ಮಾಡುತ್ತಿದ್ದೇವೆ.

ಅಮೆರಿಕದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಈ ಸ್ಥಿತಿಯ ಬಗ್ಗೆ ಬರೆದರು. ದವಾಖಾನೆಯಿಂದ ಹೊರಬಿದ್ದ ಹಿರಿಯರು ತಿಂಗಳೊಳಗೆ ಮತ್ತೆ ಭರ್ತಿಯಾದಾಗ, ಬಹಳಷ್ಟು ಸಲ ಮೊದಲಿನ ಕಾಯಿಲೆಯೇ ಕಾರಣವಾಗಿರುವುದಿಲ್ಲ. ಬಿದ್ದಿರುತ್ತಾರೆ, ಸೋಂಕು ತಗುಲಿರುತ್ತದೆ, ಹೊಟ್ಟೆ ಕೆಟ್ಟಿರುತ್ತದೆ, ಗುಳಿಗೆ ಹೆಚ್ಚುಕಡಿಮೆಯಾಗಿರುತ್ತದೆ. ವಾರ್ಡಿನ ವಾಸವೇ ಅವರನ್ನು ಬಡವಾಗಿಸಿರುತ್ತದೆ ಎಂದು ಅವರು ಹೇಳಿದರು. ನಿದ್ದೆಗೆಟ್ಟ ರಾತ್ರಿಗಳು, ಪರೀಕ್ಷೆಗೆಂದು ಉಪವಾಸ, ಹೊತ್ತು ಗೊತ್ತಿಲ್ಲದ ಊಟ, ನೋವು, ಎಲ್ಲಕ್ಕಿಂತ ಹೆಚ್ಚಾಗಿ ಮಲಗಿಯೇ ಇರುವುದು.

ಮಲಗುವುದರ ಬೆಲೆ ಎಷ್ಟೆಂದು ಅಳತೆ ಮಾಡಿ ನೋಡಿದವರಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಯಾವ ರೋಗವೂ ಇಲ್ಲದ, ಸರಾಸರಿ 67 ವಯಸ್ಸಿನ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಇರಿಸಿದರು. ಊಟವನ್ನೂ ಸರಿಯಾಗಿ ಕೊಟ್ಟರು. ಹತ್ತೇ ದಿನಕ್ಕೆ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಜಡ್ಡಿಲ್ಲದವರ ಪಾಡು ಇದು. ನ್ಯುಮೋನಿಯಾ ಆಗಿ, ಊಟ ಸೇರದೆ, ಸಲಾಯಿನ್ ಮೇಲೆ ಮಲಗಿದ ಎಪ್ಪತ್ತೈದರ ಅಜ್ಜಿಗೆ ಎಷ್ಟು ಹೋಗಿರಬೇಕು? ದವಾಖಾನೆಗೆ ಸೇರಿದ ಹಿರಿಯರ ಮೈಗೆ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿದ ಇನ್ನೊಂದು ಅಧ್ಯಯನದಲ್ಲಿ, ಅವರು ದಿನದ ಶೇಕಡಾ 83ರಷ್ಟು ಹೊತ್ತು ಮಲಗಿಯೇ ಇದ್ದರು. ನಡೆಯಬಲ್ಲವರೂ ಆ ಗುಂಪಿನಲ್ಲಿ ಇದ್ದರು. ಎಪ್ಪತ್ತು ದಾಟಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು, ಮೊದಲು ತಾವೇ ಮಾಡಿಕೊಳ್ಳುತ್ತಿದ್ದ ಒಂದಾದರೂ ಕೆಲಸಕ್ಕೆ ಇನ್ನೊಬ್ಬರ ಕೈ ಹಿಡಿಯುವಂತಾಗಿ ಮನೆಗೆ ಬರುತ್ತಾರೆ. ಸ್ನಾನ, ಬಟ್ಟೆ ಉಡುವುದು, ಸಂಡಾಸಕ್ಕೆ ಹೋಗುವುದು, ಮಂಚದಿಂದ ಏಳುವುದು, ಇಂಥವು.

ಹಾಗೆ ಬಂದವರು ಮುಂದೆ ಏನಾಗುತ್ತಾರೆ ಎಂದು ಒಂದು ವರ್ಷ ಹಿಂಬಾಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಬಂತು. ಹತ್ತರಲ್ಲಿ ನಾಲ್ವರು ತೀರಿಕೊಂಡಿದ್ದರು. ಮೂವರು ಬದುಕಿದ್ದರೂ ಚೇತರಿಸಿಕೊಂಡಿರಲಿಲ್ಲ. ಮೂವರು ಮೊದಲಿನಂತಾಗಿದ್ದರು. ಕಡೆಯ ಈ ಮೂವರನ್ನು ನಾನು ಮರೆಯಲಾರೆ. ಅವರನ್ನು ಎತ್ತಿ ಹಿಡಿದದ್ದು ಯಾವುದು, ಅದರಲ್ಲಿ ನಮ್ಮ ಕೈಲಿರುವುದು ಎಷ್ಟು ಎಂದು ಕೇಳಬೇಕು. ವಯಸ್ಸು ನಮ್ಮ ಕೈಲಿಲ್ಲ. ಮೊದಲಿದ್ದ ಕಸುವೂ ಇಲ್ಲ, ಅದು ಅವರವರ ಬದುಕು ಕೂಡಿಟ್ಟ ಗಂಟು. ಆದರೆ ಉಳಿದ ಬಹಳಷ್ಟು ಮನೆಯೊಳಗೇ ಇದೆ.

‘ಏಳಬ್ಯಾಡ ಯಪ್ಪಾ, ನಾವದೀವಲ್ಲ’

ನಮ್ಮ ಕಡೆ ಹಿರಿಯರನ್ನು ಮಲಗಿಸುವುದು ನಿರ್ಲಕ್ಷ್ಯದಿಂದಲ್ಲ, ಪ್ರೀತಿಯಿಂದ. ತಂಬಿಗೆ ನೀರು ಮಂಚಕ್ಕೇ ಬರುತ್ತದೆ, ಊಟ ಮಂಚಕ್ಕೇ ಬರುತ್ತದೆ. ಎದ್ದು ಹೊರಗೆ ಬಂದರೆ ಮಗ ಗದರುತ್ತಾನೆ: ‘ಏಳಬ್ಯಾಡ ಯಪ್ಪಾ, ನಾವದೀವಲ್ಲ. ಸುಮ್ನ ಮಕ್ಕೋ.’ ಸೊಸೆಗೆ ಊರಿನ ಮಾತಿನ ಅಂಜಿಕೆ. ಮಾವ ತಾನೇ ಎದ್ದು ಬಚ್ಚಲಿಗೆ ಹೋದದ್ದನ್ನು ಯಾರಾದರೂ ಕಂಡರೆ ‘ಮುದುಕನ್ನ ನೋಡವ್ರಿಲ್ಲ’ ಅನ್ನುತ್ತಾರೆ. ಹೀಗೆ ಮರ್ಯಾದೆ, ಮಮತೆ ಎರಡೂ ಸೇರಿ ಒಂದು ಜೀವವನ್ನು ಹಾಸಿಗೆಗೆ ಕಟ್ಟಿಹಾಕುತ್ತವೆ. ಒಂದೆರಡು ವಾರ ಕಳೆಯುವುದರೊಳಗೆ ಅಜ್ಜನಿಗೆ ಏಳಬೇಕೆಂದರೂ ಏಳಲು ಆಗುವುದಿಲ್ಲ. ಆಗ ಎಲ್ಲರೂ ‘ವಯಸ್ಸಾತಲ್ಲ’ ಅನ್ನುತ್ತಾರೆ.

ವಯಸ್ಸಲ್ಲ, ಹಾಸಿಗೆ. ಸ್ಪೇನಿನ ಪಾಂಪ್ಲೋನಾದ ಆಸ್ಪತ್ರೆಯೊಂದರಲ್ಲಿ ಸರಾಸರಿ 87 ವಯಸ್ಸಿನ 370 ರೋಗಿಗಳ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ಶುಶ್ರೂಷೆ. ಉಳಿದವರಿಗೆ ವಾರ್ಡಿನಲ್ಲೇ ದಿನಕ್ಕೆ ಎರಡು ಹೊತ್ತು ನಡಿಗೆ, ಕುರ್ಚಿಯಿಂದ ಎದ್ದು ಕೂಡುವುದು, ಕಾಲಿಗೆ ಬಲ ಬರುವ ವ್ಯಾಯಾಮ. ಮನೆಗೆ ಹೋಗುವ ದಿನ ಮೊದಲ ಗುಂಪಿನವರ ಶಕ್ತಿ ಕುಸಿದಿತ್ತು, ಎರಡನೆಯ ಗುಂಪಿನವರು ಬಂದಾಗಿನದಕ್ಕಿಂತ ಗಟ್ಟಿಯಾಗಿದ್ದರು. ಎಂಬತ್ತೇಳರಲ್ಲೂ ಸ್ನಾಯು ಹೇಳಿದ ಮಾತು ಕೇಳುತ್ತದೆ.

ಹಾವೇರಿ ಜಿಲ್ಲೆಯ ಹಳ್ಳಿಮನೆಯಲ್ಲಿ ಇದಕ್ಕೆ ಬೇಕಾದ ಸಾಮಾನು ಹೊಸದಾಗಿ ತರಬೇಕಾಗಿಲ್ಲ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂಡುವುದು ಮೊದಲ ದಿನದ ಕೆಲಸ. ಗಟ್ಟಿ ಕುರ್ಚಿಯಿಂದ, ಬೇಕಾದರೆ ಕೈ ಊರಿಕೊಂಡು, ಐದು ಸಲ ಎದ್ದು ಕೂಡುವುದು ಎರಡನೆಯದು. ಇದನ್ನು ದಿನಕ್ಕೆ ಮೂರು ಹೊತ್ತು ಮಾಡಿದರೆ ತೊಡೆಗೆ ಬಲ ಬರುತ್ತದೆ. ಸಂಡಾಸದಿಂದ ಏಳಲು, ಬಸ್ಸು ಹತ್ತಲು ಬೇಕಾಗುವುದು ಆ ತೊಡೆಯ ಕಸುವೇ. ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ, ಆಮೇಲೆ ಹೊರಗಿನ ಕಟ್ಟೆಗೆ. ಊಟವನ್ನು ಮಂಚಕ್ಕೆ ಒಯ್ಯದೆ ಅಜ್ಜನನ್ನು ಊಟದ ಜಾಗಕ್ಕೆ ಕರೆತಂದರೆ ದಿನಕ್ಕೆ ಮೂರು ಸಲದ ನಡಿಗೆ ತಾನಾಗಿ ಆಗಿಹೋಗುತ್ತದೆ. ಎಲುಬಿನ ಆಪರೇಷನ್ ಆದವರು ಎಷ್ಟು ಭಾರ ಊರಬಹುದು, ಹೃದಯದ ತೊಂದರೆಯವರು ಎಷ್ಟು ನಡೆಯಬಹುದು ಎಂದು ಡಿಸ್ಚಾರ್ಜ್ ಹೊತ್ತಿಗೇ ಕೇಳಿಕೊಂಡು ಬರಬೇಕು. ‘ರೆಸ್ಟ್ ಮಾಡಸ್ರಿ’ ಎಂದು ಡಾಕ್ಟರು ಅಂದರೆ, ‘ರೆಸ್ಟ್ ಅಂದ್ರ ಹೆಂಗ್ರೀ ಸರ್, ದಿನಾ ಎಷ್ಟು ಅಡ್ಡಾಡಸ್ಬೇಕು?’ ಎಂದು ಮರಳಿ ಕೇಳುವುದಕ್ಕೆ ಸಂಕೋಚ ಬೇಡ. ಆ ಒಂದು ಪ್ರಶ್ನೆಗೆ ಬರುವ ಉತ್ತರ ತಿಂಗಳ ಔಷಧಿಯಷ್ಟೇ ಮುಖ್ಯ.

ಬೀಳುವ ಭಯ ಖರೆ. ಅದಕ್ಕೆ ಮದ್ದು ಮನೆಯನ್ನು ಸಜ್ಜು ಮಾಡುವುದು. ಬಚ್ಚಲಿನ ನುಣುಪು ಕಲ್ಲಿನ ಮೇಲೆ ಜಾರದ ಚಾಪೆ, ಗೋಡೆಗೊಂದು ಕಬ್ಬಿಣದ ಹಿಡಿಕೆ, ಸಂಡಾಸಕ್ಕೆ ಕಮೋಡ್ ಕುರ್ಚಿ, ರಾತ್ರಿ ಆರಿಸದ ಸಣ್ಣ ದೀಪ. ಹಳೆಯ ಮನೆಗಳ ಎತ್ತರದ ಹೊಸ್ತಿಲು ದೊಡ್ಡ ತೊಡಕು, ಅದಕ್ಕೆ ಎರಡೂ ಬದಿ ಹಲಗೆಯ ಇಳಿಜಾರು ಮಾಡಿಸಿದರೆ ವಾಕರ್ ದಾಟುತ್ತದೆ. ಊರ ವೆಲ್ಡಿಂಗ್ ಅಂಗಡಿಯಲ್ಲಿ, ಬಡಿಗನ ಹತ್ತಿರ ಆಗುವ ಕೆಲಸಗಳಿವು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು 598 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಬರೆದ ವರದಿಯದು. ಮುಪ್ಪು ಅಂದರೆ ಅನುಭವ, ತಿಳಿವಳಿಕೆ ಎಂದು ನಂಬಿದವರಿಗೆ, ಮುಪ್ಪು ಅಂದರೆ ಸವೆತ, ಹೊರೆ ಎಂದು ನಂಬಿದವರಿಗಿಂತ, ತೀವ್ರ ಅಸಹಾಯಕತೆಯಿಂದ ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಶೇಕಡಾ 44ರಷ್ಟು ಹೆಚ್ಚಿತ್ತು. ನಂಬಿಕೆ ಸುಮ್ಮನೆ ಹುಟ್ಟುವುದಿಲ್ಲ, ಸುತ್ತಲಿನವರ ಬಾಯಿಂದ ಕಿವಿಗೆ ಬೀಳುತ್ತದೆ. ಮಾತಾಡಿಸಲು ಬಂದವರು ಮಂಚದ ಪಕ್ಕದಲ್ಲೇ ಕೂತು ‘ಇನ್ನೇನೈತಿ, ಇದ್ದಷ್ಟ ದಿವಸ’ ಅನ್ನುತ್ತಾರೆ. ಮಲಗಿದವರಿಗೆ ಕೇಳಿಸುತ್ತದೆ. ‘ಯಾಕ ಉಳಿಸಿದ್ರಿ ನನ್ನ’ ಎಂದು ಹಿರಿಯರು ಅನ್ನತೊಡಗಿದರೆ, ಊಟ ಬೇಡ, ಮಾತು ಬೇಡ ಎಂದು ಗೋಡೆಯ ಕಡೆ ಮುಖ ಮಾಡಿದರೆ, ಅದು ಮುನಿಸಲ್ಲ, ಖಿನ್ನತೆ ಇರಬಹುದು. ಅದಕ್ಕೂ ಔಷಧಿ ಉಂಟು, ತಾಲೂಕು ಆಸ್ಪತ್ರೆಯಲ್ಲಿ ಕೇಳಬೇಕು.

ಚೇತರಿಕೆಗೆ ಒಂದು ಗುರಿ ಬೇಕು, ಅದು ಆ ಮನುಷ್ಯನದೇ ಆಗಿರಬೇಕು. ಶಿಶುನಾಳದ ಸುತ್ತಲಿನ ಊರುಗಳಲ್ಲಿ ಶರೀಫರ ತತ್ವಪದ ಹಾಡುವ ಭಜನಾ ಮೇಳಗಳಿವೆ. ಅಲ್ಲಿ ತಾಳ ಹಾಕುವ ಅಜ್ಜನಿಗೆ ‘ಮುಂದಿನ ಅಮಾಸಿ ಭಜನಿಗೆ ಬರಬೇಕ ನೀ’ ಎಂದು ಜೊತೆಗಾರರು ಹೇಳಿಹೋದರೆ ಅದರಷ್ಟು ಒಳ್ಳೆಯ ಫಿಸಿಯೋಥೆರಪಿ ಇಲ್ಲ. ಹಾನಗಲ್ಲಿನ ಮಾವಿನ ತೋಪು ನೋಡಿಕೊಂಡು ಬಂದವರಿಗೆ ತೋಪಿನವರೆಗೆ ನಡೆಯುವುದೇ ಗುರಿ. ಸವಣೂರಿನ ಎಲೆಬಳ್ಳಿ ತೋಟದಲ್ಲಿ ಎಲೆ ಕೊಯ್ದು ಕಟ್ಟು ಕಟ್ಟಿದ ಕೈಗೆ, ಕೂತಲ್ಲೇ ಎಲೆ ಎಣಿಸಿ ಜೋಡಿಸುವ ಕೆಲಸ ಕೊಡಬಹುದು. ಕಾಳು ಆರಿಸುವುದು, ಬೆಳ್ಳುಳ್ಳಿ ಸುಲಿಯುವುದು, ಮೊಮ್ಮಗನ ಮಗ್ಗಿ ಒಪ್ಪಿಸಿಕೊಳ್ಳುವುದು, ಇವೆಲ್ಲ ಆ ಜೀವ ಇನ್ನೂ ಮನೆಗೆ ಬೇಕಾಗಿದೆ ಎಂದು ಹೇಳುವ ಕೆಲಸಗಳು.

ಗಂಜಿಯಲ್ಲಿ ಎಷ್ಟಿದೆ?

ಪಥ್ಯದ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದನ್ನು ಬಿಚ್ಚಿ ಹೇಳಬೇಕು. ದವಾಖಾನೆಯಿಂದ ಬಂದವರಿಗೆ ಗಂಜಿ, ನುಚ್ಚು, ಬ್ರೆಡ್ಡು, ಚಹಾದಲ್ಲಿ ಅದ್ದಿದ ಬಿಸ್ಕಿಟ್ಟು. ಬೇಳೆ ವಾಯು, ಶೇಂಗಾ ಪಿತ್ತ, ಮೊಸರು ನೆಗಡಿ, ತತ್ತಿ ಉಷ್ಣ ಎಂದು ಒಂದೊಂದೇ ಬಾಗಿಲು ಮುಚ್ಚುತ್ತದೆ. ಕಡೆಗೆ ತಟ್ಟೆಯಲ್ಲಿ ಉಳಿಯುವುದು ಬಿಳಿ ನೀರು. ಶಕ್ತಿ ಬರಲಿ ಎಂದು ಊರಿನ ಡಾಕ್ಟರ ಹತ್ತಿರ ಒಂದು ಸಲಾಯಿನ್ ಏರಿಸಿಕೊಂಡು ಬರುತ್ತಾರೆ. ಆ ಬಾಟ್ಲಿಯಲ್ಲಿ ಇರುವುದು ಉಪ್ಪುನೀರು, ಹೆಚ್ಚೆಂದರೆ ಒಂದಿಷ್ಟು ಸಕ್ಕರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಜಡ್ಡಿನಿಂದ ಏಳುತ್ತಿರುವ ಹಿರಿಯರಿಗೆ ಇಷ್ಟು ಸಾಲದು, ಕಿಲೋಗೆ 1.2ರಿಂದ 1.5 ಗ್ರಾಂ ಕೊಡಬೇಕೆಂದು ವೃದ್ಧಾಪ್ಯದ ಪೋಷಣೆಯ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಶಿಫಾರಸು ಮಾಡಿತು. ಐವತ್ತು ಕಿಲೋ ತೂಗುವ ಅಜ್ಜಿಗೆ ಅದು ಕನಿಷ್ಠ 60 ಗ್ರಾಂ ಆಗುತ್ತದೆ. ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಇರುವುದು ಎರಡು ಗ್ರಾಂ ಆಸುಪಾಸು. ಮೂರು ಹೊತ್ತು ಗಂಜಿ, ನಡುವೆ ಚಹಾ ಬಿಸ್ಕಿಟ್ಟು ಕೊಟ್ಟರೆ ದಿನಕ್ಕೆ ಹತ್ತು ಗ್ರಾಂ ದಾಟುವುದೂ ಕಷ್ಟ. ಕೊರತೆ ಬಿದ್ದದ್ದನ್ನು ದೇಹ ತನ್ನದೇ ತೊಡೆ, ತನ್ನದೇ ತೋಳಿನಿಂದ ಕಿತ್ತುಕೊಳ್ಳತೊಡಗುತ್ತದೆ. ಗಾಯ ಮಾಯುವುದಕ್ಕೂ ಅದೇ ಬೇಕು.

ಈ ನಾಲ್ಕು ತಾಲೂಕಿನ ಅಡುಗೆಮನೆಯಲ್ಲಿ ಆ 60 ಗ್ರಾಂ ಹೊಂದಿಸುವುದು ಕಷ್ಟವಲ್ಲ. ಮೂರು ಜೋಳದ ರೊಟ್ಟಿಯಲ್ಲಿ ಹದಿನೈದು, ಹದಿನಾರು ಗ್ರಾಂ. ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಹೆಸರುಕಾಳಿನ ಪಲ್ಯದಲ್ಲಿ ಹದಿನಾಲ್ಕು. ಎರಡು ಲೋಟ ಹಾಲಿನಲ್ಲಿ ಹದಿಮೂರು, ಒಂದು ಬಟ್ಟಲು ಮೊಸರಿನಲ್ಲಿ ಐದು. ಒಂದು ಹಿಡಿ ಶೇಂಗಾದಲ್ಲಿ ಏಳು. ಇನ್ನು ಉಳಿದದ್ದಕ್ಕೆ ಒಂದು ತತ್ತಿ, ತತ್ತಿ ತಿನ್ನದ ಮನೆಯಲ್ಲಿ ಒಂದು ಹಿಡಿ ಪುಟಾಣಿ. ಮಾಂಸ ಉಣ್ಣುವ ಮನೆಗಳಲ್ಲಿ ಕಾಲಿನ ಸೂಪು ಮಾಡಿ ಬರೀ ರಸ ಕುಡಿಸುವ ರೂಢಿಯಿದೆ. ಬಲ ಇರುವುದು ತುಂಡಿನಲ್ಲಿ, ಅದನ್ನು ಮೆತ್ತಗೆ ಬೇಯಿಸಿ, ಬಿಡಿಸಿ ಉಣ್ಣಿಸಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಈ ಲೆಕ್ಕವನ್ನು ತಮ್ಮ ಡಾಕ್ಟರಿಗೆ ತೋರಿಸಿಯೇ ಅನುಸರಿಸಬೇಕು.

‘ಹಲ್ಲಿಲ್ಲರೀ, ರೊಟ್ಟಿ ಹೆಂಗ ತಿಂತಾರ’ ಅನ್ನುವ ಮಾತು ಸರಿಯೇ. ಆದರೆ ಹಲ್ಲಿಲ್ಲದ ಅಜ್ಜಿಗೆ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡುವುದು ನಮಗೆ ಗೊತ್ತಿದೆ. ಎಲೆ ಅಡಿಕೆ ಕುಟ್ಟಲು ನೆನಪಿರುವ ಮನೆಯಲ್ಲಿ ಶೇಂಗಾ ಕುಟ್ಟಿ ಹಿಂಡಿ ಮಾಡಲು, ರೊಟ್ಟಿಯನ್ನು ಬಿಸಿ ಹಾಲಿನಲ್ಲೋ ಬೇಳೆಕಟ್ಟಿನಲ್ಲೋ ನೆನೆಸಿ ಹಿಚುಕಿ ಕೊಡಲು ನೆನಪಿರಬೇಕು. ಒಮ್ಮೆಗೇ ಉಣ್ಣಲು ಆಗದಿದ್ದರೆ ಆರು ಸಲ ಸ್ವಲ್ಪ ಸ್ವಲ್ಪ. ತಟ್ಟೆಯಲ್ಲಿ ಮೊದಲು ಕಾಳು, ಬೇಳೆ, ಆಮೇಲೆ ಅನ್ನ. ಹೊಟ್ಟೆ ಬೇಗ ತುಂಬುವ ವಯಸ್ಸಿನಲ್ಲಿ ಈ ಸರದಿ ಮುಖ್ಯವಾಗುತ್ತದೆ.

ನೋಡಲು ಬರುವವರು ಎಳನೀರು, ಮೋಸಂಬಿ, ಬಿಸ್ಕಿಟ್ ಪುಡಿಕೆ ತರುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮತ್ತು ಹೃದಯದ ಗುಳಿಗೆ ನುಂಗುವವರಿಗೆ ದಿನವೂ ಎಳನೀರು ಕುಡಿಸುವುದು ಅಪಾಯ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಶೇಂಗಾ ಉಂಡಿ, ಹೆಸರಿನ ಉಂಡಿ, ಒಂದು ಲೀಟರ್ ಹಾಲು ತಂದರೆ ಬಂದದ್ದಕ್ಕೂ ಸಾರ್ಥಕ.

ರಾತ್ರಿಯ ಗೊಂದಲ, ಎರಡು ಹೆಸರಿನ ಗುಳಿಗೆ

ವಾರ್ಡಿನಲ್ಲಿ ಮೂರನೆಯ ರಾತ್ರಿಯೋ ನಾಲ್ಕನೆಯ ರಾತ್ರಿಯೋ ಅಜ್ಜಿ ಇದ್ದಕ್ಕಿದ್ದಂತೆ ಸತ್ತುಹೋದ ತಂಗಿಯನ್ನು ಕರೆಯತೊಡಗುತ್ತಾಳೆ, ಸಲಾಯಿನ್ ಸೂಜಿ ಕೀಳುತ್ತಾಳೆ, ‘ಇದು ನಮ್ಮನಿ ಅಲ್ಲ, ನಡೀರಿ’ ಅನ್ನುತ್ತಾಳೆ. ಮನೆಯವರು ಗಾಬರಿಯಾಗುತ್ತಾರೆ. ಮಳ್ಳು ಹಿಡಿಯಿತು ಅನ್ನುತ್ತಾರೆ, ಗಾಳಿ ಸೋಕಿತು ಎಂದು ಯಂತ್ರ ಕಟ್ಟಿಸಲು ಓಡುವವರೂ ಇದ್ದಾರೆ. ಇದು ಸನ್ನಿ. ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಸೋಂಕು, ನೀರು ಕಡಿಮೆಯಾಗುವುದು, ಮೂತ್ರ ಕಟ್ಟುವುದು, ಮಲಬದ್ಧತೆ, ನೋವು, ನಿದ್ದೆ ಗುಳಿಗೆ, ಹೊಸ ಜಾಗ ಎಲ್ಲವೂ ಕೂಡಿ ಇದನ್ನು ತರುತ್ತವೆ. ಸುಮ್ಮನೆ ತೂಕಡಿಸುತ್ತ ಮಾತು ಬಿಟ್ಟವರಲ್ಲೂ ಇದೇ ಇರಬಹುದು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ವೈದ್ಯೆ ಶರಾನ್ ಇನೌಯೆ ಯೇಲ್‌ನಲ್ಲಿ 852 ಹಿರಿಯ ರೋಗಿಗಳೊಂದಿಗೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧಿ ಕೊಡಲಿಲ್ಲ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಮಾತಾಡಿಸುವುದು, ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ಕೊಡುವುದು, ನೀರು ಕುಡಿಸುವುದು, ಹಗಲು ನಡೆಸುವುದು, ರಾತ್ರಿ ಸದ್ದು ಕಡಿಮೆ ಮಾಡಿ ಬಿಸಿ ಪಾನೀಯ ಕೊಟ್ಟು ಮಲಗಿಸುವುದು. ಇಷ್ಟರಿಂದಲೇ ಸನ್ನಿಗೆ ಒಳಗಾದವರ ಪ್ರಮಾಣ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಹುಬ್ಬಳ್ಳಿಗೆ ಹೊರಡುವ ಗಡಿಬಿಡಿಯಲ್ಲಿ ಕಾರ್ಡು, ದುಡ್ಡು, ಬಟ್ಟೆ ಎಲ್ಲ ತೆಗೆದುಕೊಳ್ಳುತ್ತೇವೆ, ಅಜ್ಜನ ಕನ್ನಡಕ ಮನೆಯ ಮಾಡಿನಲ್ಲೇ ಉಳಿಯುತ್ತದೆ. ಅದನ್ನು ಮೊದಲು ಚೀಲಕ್ಕೆ ಹಾಕಬೇಕು. ನಮ್ಮ ಆಸ್ಪತ್ರೆಗಳಲ್ಲಿ ಮನೆಯವರೊಬ್ಬರು ರಾತ್ರಿಯಿಡೀ ಪಕ್ಕದಲ್ಲಿ ಇರುತ್ತಾರಲ್ಲ, ಅದು ಪರದೇಶದ ಬಹಳಷ್ಟು ಆಸ್ಪತ್ರೆಗಳಿಗೆ ಇಲ್ಲದ ಭಾಗ್ಯ. ಆ ಕೂತವರು ಮೊಬೈಲು ನೋಡುವ ಬದಲು ಊರಿನ ಮಳೆ ಬೆಳೆ, ಎತ್ತು ಎಮ್ಮೆಯ ಸುದ್ದಿ ಹೇಳುತ್ತಿದ್ದರೆ ಅದೇ ಚಿಕಿತ್ಸೆ.

ಗುಳಿಗೆಗಳ ಸಂಗತಿ ಬೇರೆ. ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದಿ ಹೇಳುವವನು ಮೆಡಿಕಲ್ ಅಂಗಡಿಯ ಹುಡುಗ. ಊರಿನ ಡಾಕ್ಟರು ಮೊದಲೇ ಕೊಟ್ಟ ಬಿಪಿ ಗುಳಿಗೆ ಮನೆಯಲ್ಲಿದೆ, ಹುಬ್ಬಳ್ಳಿಯಲ್ಲಿ ಬರೆದದ್ದೂ ಅದೇ ಔಷಧಿ, ಕಂಪನಿ ಬೇರೆ, ಹೆಸರು ಬೇರೆ. ಅಜ್ಜ ಎರಡನ್ನೂ ನುಂಗಿ ತಲೆ ತಿರುಗಿ ಬೀಳುತ್ತಾನೆ. ಶುಗರ್ ಗುಳಿಗೆಯಲ್ಲಿ ಹೀಗಾದರೆ ಜೀವಕ್ಕೇ ಸಂಚಕಾರ. ಹಳೆಯ, ಹೊಸ ಎಲ್ಲ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಒಯ್ದು ಡಾಕ್ಟರ ಮೇಜಿನ ಮೇಲೆ ಸುರಿದು, ಯಾವುದು ಇರಬೇಕು, ಯಾವುದು ಬಿಡಬೇಕು ಎಂದು ಕೇಳಬೇಕು. ಅಮೆರಿಕದ ಕೊಲರಾಡೋದಲ್ಲಿ ಎರಿಕ್ ಕೋಲ್ಮನ್ 750 ಹಿರಿಯರ ಜೊತೆ ಮಾಡಿದ ಪ್ರಯೋಗ 2006ರಲ್ಲಿ ಬಂತು. ಮನೆಗೆ ಮರಳುವ ಹಿರಿಯರಿಗೂ ಮನೆಯವರಿಗೂ ದಾರಿ ತೋರಿಸುವ ಒಬ್ಬರನ್ನು ನೇಮಿಸಿ ನಾಲ್ಕೇ ಸಂಗತಿ ಕಲಿಸಿದರು: ಗುಳಿಗೆಯ ಲೆಕ್ಕ, ಕಾಯಿಲೆಯ ಕಾಗದಗಳನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು, ಮರುಭೇಟಿಯ ದಿನ, ಅಪಾಯದ ಸೂಚನೆಗಳು. ತಿಂಗಳೊಳಗೆ ಮತ್ತೆ ಭರ್ತಿಯಾದವರ ಪ್ರಮಾಣ ಶೇಕಡಾ 11.9ರಿಂದ 8.3ಕ್ಕೆ ಇಳಿಯಿತು. ಅಪಾಯದ ಸೂಚನೆ ಅಂದರೆ ಹೊಸದಾಗಿ ಶುರುವಾದ ಗೊಂದಲದ ಮಾತು, ಉಸಿರು ಕಟ್ಟುವುದು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಗಾಯದಿಂದ ಕೀವು, ಬೆನ್ನಿನಲ್ಲೋ ಪೃಷ್ಠದಲ್ಲೋ ಕೆಂಪಗಾದ ಚರ್ಮ. ಇವು ಕಂಡರೆ ‘ನಾಳೆ ನೋಡೂಣು’ ಅನ್ನಬಾರದು.

ಮನೆಯಲ್ಲಿ ಯಾರಿದ್ದಾರೆ?

ಇಷ್ಟೆಲ್ಲ ಮಾಡಲು ಮನೆಯಲ್ಲಿ ಒಬ್ಬರು ಇರಬೇಕು. ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ, ಹಾನಗಲ್ಲಿನಲ್ಲಿ ಭತ್ತದ ನಾಟಿ, ಶಿಗ್ಗಾಂವಿಯಲ್ಲಿ ಹತ್ತಿ ಬಿಡಿಸುವ ಕಾಲ ಬಂದಾಗ ಮನೆಯಲ್ಲಿ ಉಳಿಯುವುದು ಮಂಚ ಹಿಡಿದವರು ಮತ್ತು ಬಾಗಿಲ ಚಿಲಕ. ಒಂದು ದಿನ ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗೆ ‘ದಿನಕ್ಕೆ ಮೂರು ಸಲ ನಡೆಸಿ’ ಎಂದು ಹೇಳುವುದು ಸುಲಭ. ಮಗ ಬೆಂಗಳೂರಲ್ಲೋ ಗೋವಾದಲ್ಲೋ ಇದ್ದಾನೆ. ಭಾರ ಬೀಳುವುದು ಸೊಸೆಯ ಮೇಲೆ, ಅವಳ ನಿದ್ದೆ, ಅವಳ ಸೊಂಟನೋವು ಯಾವ ಡಾಕ್ಟರೂ ಕೇಳುವುದಿಲ್ಲ. ಮಾತಾಡಿಸಲು ಬರುವ ನೆಂಟರು ಚಹಾ ಕುಡಿದು ಎದ್ದುಹೋಗುವ ಬದಲು ಒಂದು ತಾಸು ಅಜ್ಜನ ಜೊತೆ ಕೂತು, ಅವಳು ಮಲಗಿ ಏಳಲು ಬಿಟ್ಟರೆ ಎಷ್ಟೋ ದೊಡ್ಡ ಉಪಕಾರ.

ಗಂಡಸು ಜಡ್ಡಿಗೆ ಬಿದ್ದರೆ ಹೆಂಡತಿ ನೋಡುತ್ತಾಳೆ. ಹೆಂಗಸು ಬಿದ್ದರೆ? ಅಜ್ಜ ಇನ್ನೂ ಮಂಚದ ಮೇಲಿರುವಾಗ ಅಜ್ಜಿ ಎಂಟೇ ದಿನಕ್ಕೆ ಒಲೆಯ ಮುಂದೆ ಬಂದಿರುತ್ತಾಳೆ, ಬೇರೆ ಗತಿಯಿಲ್ಲದೆ. ಎದ್ದು ಓಡಾಡುವುದು ಒಳ್ಳೆಯದೇ. ಆದರೆ ಹೊಟ್ಟೆಯ ಆಪರೇಷನ್ ಆದವಳು ಕೊಡ ಎತ್ತುವುದು ಚೇತರಿಕೆಯಲ್ಲ, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವುದರಿಂದ ಗಾಯ ಮಾಯುವುದಿಲ್ಲ. ಆ ತಿಂಗಳು ಅವಳಿಗೆ ಮೊದಲ ಪಂಕ್ತಿಯಲ್ಲಿ ಬಡಿಸಬೇಕು. ಒಂಟಿಯಾಗಿರುವ ವಿಧವೆಯರ ಪಾಡಂತೂ ಹೇಳತೀರದು. ಅವರಿಗೆ ನೆರೆಮನೆಯ ಬಾಗಿಲೇ ಆಸರೆ, ಸಂಧ್ಯಾ ಸುರಕ್ಷಾ ಪಿಂಚಣಿಯೇ ಪಥ್ಯದ ಖರ್ಚು.

ಮನೆಯವರಿಗೆ ಕಲಿಸಿದರೆ ಎಲ್ಲ ಆಗುತ್ತದೆ ಎಂದೂ ನಾನು ಹೇಳಲಾರೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶುರುವಾದ ನೂರಾ ಹೆಲ್ತ್ ಸಂಸ್ಥೆಯ ಕೆಲಸ ನನಗೆ ಮೆಚ್ಚುಗೆಯಾದದ್ದು. ರೋಗಿಯ ಜೊತೆ ಬಂದವರನ್ನೇ ವಾರ್ಡಿನಲ್ಲಿ ಕೂಡ್ರಿಸಿ ಅವರ ಭಾಷೆಯಲ್ಲೇ ಆರೈಕೆ ಕಲಿಸುವ ಆ ಕ್ರಮ ಸರ್ಕಾರಿ ಆಸ್ಪತ್ರೆಗಳಿಗೂ ಬಂದಿದೆ. ಆದರೆ ಲಕ್ವಾ ಹೊಡೆದವರ ವಿಷಯದಲ್ಲಿ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ ಅನೇಕರಿಗೆ ನಿರಾಸೆಯಾಯಿತು. ಮನೆಯವರಿಗೆ ವ್ಯಾಯಾಮ ಮಾಡಿಸಲು ಕಲಿಸಿ ಕಳಿಸಿದ ಗುಂಪಿನಲ್ಲೂ, ಕಲಿಸದ ಗುಂಪಿನಲ್ಲೂ, ಆರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಶೇಕಡಾ 47. ಅಂದರೆ ಪ್ರೀತಿಯ ಮನೆಯವರ ಜೊತೆಗೆ ತರಬೇತಾದ ಕೈಯೊಂದು ಮತ್ತೆ ಮತ್ತೆ ಬಾಗಿಲಿಗೆ ಬರಬೇಕು ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ.

ಹಾಗೆ ಬರುವ ವ್ಯವಸ್ಥೆ ಕಾಗದದ ಮೇಲೆ ಇದೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಹತ್ತು ಹಾಸಿಗೆಯ ವಾರ್ಡು ಮತ್ತು ಫಿಸಿಯೋಥೆರಪಿ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪುನರ್ವಸತಿ ಕಾರ್ಯಕರ್ತ, ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದಿಂದ ಭೇಟಿ ಇರಬೇಕು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಕ್ಲಿನಿಕ್ ಯಾವ ವಾರ ಎಂದು ಜನ ಕೇಳಬೇಕು. ದೂರದ ಉದಾಹರಣೆಯೂ ಬೇಡ. ಮಂಜೇಶ್ವರ, ಕುಂಬಳೆಯ ಕನ್ನಡ ಮನೆಗಳಿಗೆ ಕೇರಳದ ಪಂಚಾಯಿತಿಯ ಉಪಶಾಮಕ ಆರೈಕೆಯ ನರ್ಸು ಜೀಪಿನಲ್ಲಿ ಬರುತ್ತಾರೆ. ಹುಣ್ಣು ಒರೆಸುತ್ತಾರೆ, ಕೊಳವೆ ಬದಲಿಸುತ್ತಾರೆ, ಮನೆಯವರ ಜೊತೆ ಮಾತಾಡುತ್ತಾರೆ. ಅದರ ಬೇರು 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಸಣ್ಣ ಸಂಘವೊಂದರಲ್ಲಿದೆ. 2008ರಲ್ಲಿ ಅದು ಸರ್ಕಾರದ ನೀತಿಯಾಯಿತು.

ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ಅವರನ್ನು ವಿಆರ್‌ಡಬ್ಲ್ಯು ಅನ್ನುತ್ತಾರೆ. ತಾಲೂಕಿಗೊಬ್ಬರು ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಸಣ್ಣ ಗೌರವಧನದಲ್ಲಿ ಅಂಗವಿಕಲರ ಪಟ್ಟಿ, ಪಿಂಚಣಿ, ಸಾಧನ ಸಲಕರಣೆಯ ಕೆಲಸ ಮಾಡುವವರು, ಅವರಲ್ಲಿ ಬಹುತೇಕರು ಸ್ವತಃ ಅಂಗವಿಕಲರು. ಏಳಲಾಗದ ಮನುಷ್ಯನ ಪಾಡು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಅವರಿಗೆ ತರಬೇತಿ ಕೊಡಬಹುದು. ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ಹಿರಿಯರ ಹೆಸರನ್ನು ಆಶಾ ಕಾರ್ಯಕರ್ತೆಯ ಮೂಲಕ ಅವರಿಗೆ ತಲುಪಿಸಬಹುದು. ಈ ಹೆಚ್ಚಿನ ಕೆಲಸಕ್ಕೆ ಗೌರವಧನವನ್ನೂ ಹೆಚ್ಚಿಸಬೇಕು. ವಾಕರ್, ಕಮೋಡ್ ಕುರ್ಚಿಗಳನ್ನು ಕೊಂಡು ಪಂಚಾಯಿತಿಯಲ್ಲೇ ಇಟ್ಟು, ಒಂದು ಮನೆಯ ಅಜ್ಜ ಎದ್ದು ಓಡಾಡತೊಡಗಿದ ಮೇಲೆ ಇನ್ನೊಂದು ಮನೆಗೆ ಕಳಿಸಬಹುದು. ಅಂಗವಿಕಲರಿಗಾಗಿ ಪಂಚಾಯಿತಿಗಳು ತೆಗೆದಿಡಬೇಕಾದ ಶೇಕಡಾ 5ರ ಹಣ ಇದೆ, ನಡೆಯಲಾಗದ ಹಿರಿಯರನ್ನೂ ಅದರ ವ್ಯಾಪ್ತಿಗೆ ತರುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಮೇಲಕ್ಕೆ ಕಳಿಸುವುದು ಯಾವ ಊರಿಗೂ ಅಸಾಧ್ಯವಲ್ಲ. ಮುಂದಿನ ಗ್ರಾಮಸಭೆಗೆ ಹೋಗುವವರು ಈ ಒಂದು ಅರ್ಜಿಯನ್ನು ಬರೆದುಕೊಂಡು ಹೋಗಲಿ.